ಏಕಾದಶಿಗೆ ಬಾರದ ಚಾನೆಲ್

ಅವ್ವ ತೀರಿಕೊಂಡ ಮೇಲೆ ಸದಲಗಾದ ನಮ್ಮ ಮನೆಯಲ್ಲಿ ಟಿವಿ ಹಚ್ಚಲಿಲ್ಲ. ಸೂತಕ ಕಳೆದರೂ ಯಾರಿಗೂ ಮನಸ್ಸಾಗಲಿಲ್ಲ. ಡಿಶ್‌ನ ಪ್ಯಾಕ್ ಯಾವಾಗ ಮುಗಿಯಿತೋ ಗೊತ್ತಿಲ್ಲ.

ನನ್ನ ತಂದೆಯ ತಾಯಿಯನ್ನು ಆಯಿ ಎನ್ನುತ್ತೇನೆ. ಪ್ರತಿ ಆಷಾಢದಲ್ಲಿ ಆಯಿ ಮತ್ತು ಅವ್ವ ಭಜನೆ ಮಾಡುತ್ತ ಸಾಗುವ ಯಾತ್ರಿಕರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದರು. ಈ ವರ್ಷ ದಿಂಡಿ ಹೊರಟಾಗ ಆಯಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಬಂದಳು. ಏಕಾದಶಿಯ ಹಿಂದಿನ ದಿನ ಮಧ್ಯಾಹ್ನ ಕೇಳಿದಳು:

"ನಾಳೆ ಮುಂಜಾನೆ ವಿಠ್ಠಲನ ಪೂಜಾ ಟಿವ್ಯಾಗರ ತೋರಸವಾ."

ಫೋನಿನಲ್ಲೇ ಹಣ ಕಟ್ಟಿದೆ. ಚಾನೆಲ್ ಬರಲಿಲ್ಲ. ಸಹಾಯವಾಣಿಯ ಹೆಂಗಸು ಮರಾಠಿಯಲ್ಲಿ, ಬಾಕ್ಸ್ ಎರಡು ತಾಸು ಚಾಲೂ ಇರಲಿ, ಆರಿಸಬೇಡಿ, ತಾನಾಗಿ ಬರುತ್ತದೆ ಎಂದಳು. ಚಾಲೂ ಇಟ್ಟು ನನ್ನ ಕೋಣೆಗೆ ಹೋದೆ. ಎರಡು ತಾಸಿನ ಮೇಲೆ ನೋಡಿದರೆ ಅದೇ ಕಪ್ಪು ಪರದೆ. ಸಂಜೆ ಮತ್ತೆರಡು ಸಲ ಫೋನ್ ಮಾಡಿದೆ. ಚಾಲೂ ಇತ್ತೇ ಎಂದು ಕೇಳಿದರು. ಇತ್ತು ಎಂದೆ. ದೂರಿನ ಸಂಖ್ಯೆ ಕೊಟ್ಟರು, ಬರೆದುಕೊಂಡೆ.

ಏಕಾದಶಿಯ ಮುಂಜಾನೆ ಬಾಕ್ಸ್ ಚಾಲೂ ಮಾಡಿ ಸ್ನಾನಕ್ಕೆ ಹೋದೆ. ಟವೆಲ್ ಮರೆತು ತಿರುಗಿ ಬಂದಾಗ ಆಯಿ ಗೋಡೆಯ ಬೋರ್ಡಿನ ಬಟನ್ ಆರಿಸುತ್ತಿದ್ದಳು.

"ಆಯಿ, ಏನ್ ಮಾಡಾಕತ್ತಿ?"

"ಚಿತ್ರನ ಬರವಲ್ದು, ಸುಮ್ಮ ಕರೆಂಟ್ ಯಾಕ ಉರೀಬೇಕು?"

"ನಿನ್ನೆನೂ ಆರಿಸಿದ್ದೇನು?"

"ನೀ ಒಳಗ ಹೋದ ಕೂಡ್ಲೆ ಆರಸ್ತಿದ್ದೆ. ನೀ ಬರೂ ಸಪ್ಪಳ ಕೇಳಿ ಮತ್ತ ಹಚ್ಚತಿದ್ದೆ. ಬಟನ್ ಆರಸೂದು ನಿಮ್ಮವ್ವನ ಕೆಲಸ ಇತ್ತು. ಈಗ ಯಾರ್ ಮಾಡ್ಬೇಕು, ನಾನ ಮಾಡ್ಬೇಕಲ್ಲ?"

ನನಗೆ ಸಿಟ್ಟು ಬರಲಿಲ್ಲ. ಆ ದಿನಗಳಲ್ಲಿ ನನಗೆ ಸಿಟ್ಟು, ಅಳು ಏನೂ ಬರುತ್ತಿರಲಿಲ್ಲ. ಬಟನ್ ಹಚ್ಚಿ ಪಕ್ಕದಲ್ಲಿ ಕುಳಿತೆ, ಏಳಲಿಲ್ಲ. ಒಂದೂವರೆ ತಾಸಿನ ಮೇಲೆ ಚಾನೆಲ್ ಬಂತು.

"ಪೂಜಾ ಮುಗದೈತೇನ್?"

"ಮುಗದೈತಿ ಆಯಿ."

"ಇರ್ಲಿ. ಮಂದೀನರ ನೋಡೂಣು."

ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು ನದಿಯ ಕಡೆ ನಡೆಯುತ್ತಿದ್ದರು. ಆಯಿ ಒಬ್ಬೊಬ್ಬರನ್ನೇ ನೋಡಿದಳು. ಯಾರನ್ನು ಹುಡುಕುತ್ತಿದ್ದಳೋ ನಾನು ಕೇಳಲಿಲ್ಲ. ಮಧ್ಯಾಹ್ನ ಸಹಾಯವಾಣಿಯಿಂದ ಫೋನ್ ಬಂತು, ತೊಂದರೆ ಸರಿಹೋಯಿತೇ ಎಂದು. ಹೋಯಿತು ಎಂದೆ.

ಆಯಿ ಎದ್ದು ಬೋರ್ಡಿನ ಹತ್ತಿರ ಹೋದಳು. ಬಟನ್ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು.

"ಆರಸಲಿ?"

"ಆರಸು," ಎಂದೆ.