ಏಳು ಶಾಲು, ಆರು ಹೆಸರು

ನಮ್ಮ ಮಾವನವರಿಗೆ ಜೀವನದಲ್ಲಿ ಎಷ್ಟು ಶಾಲು ಸಿಕ್ಕಿದ್ದವೋ ಅವರಿಗೇ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರಾಗಿದ್ದವರು. ಬಡಾವಣೆಯಲ್ಲಿ ಗಣಪತಿ ಕೂರಿಸಿದರೂ, ಹೊಸ ಹಾಲಿನ ಬೂತ್ ತೆರೆದರೂ ವೇದಿಕೆಯ ಮೇಲೆ ಇವರಿರಬೇಕು, ಇವರಿಗೊಂದು ಶಾಲು ಹೊದಿಸಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ನಾರ್ತ್ ಕ್ಯಾರೊಲಿನಾಗೆ ಹೊರಟಾಗ ಅತ್ತೆ "ಅಲ್ಲಿ ಚಳಿಯಂತೆ" ಎಂದು ಅದರಲ್ಲಿ ಹತ್ತನ್ನು ನಮ್ಮ ಸೂಟ್‌ಕೇಸಿಗೆ ತುರುಕಿದರು. ಒಂದನ್ನು ಹೊದ್ದು ನೋಡಿದರೆ ಚಳಿ ಹೋಗುವುದಿರಲಿ, ಜರಿಯ ಅಂಚು ಕುತ್ತಿಗೆ ಕೆರೆಯುತ್ತಿತ್ತು. ಮಾರಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಳಿದವು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿದ್ದವು. ಅಲ್ಲೇ ಬಿದ್ದಿದ್ದರೆ ಚೆನ್ನಾಗಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ಡಾಕ್ಟರುಗಳ ಪರವಾಗಿ ರೋಗಿಗಳಿಗೆ ಬಿಲ್ಲು ಕಳಿಸುವ ಒಂದು ಸಣ್ಣ ಕಂಪನಿಯಲ್ಲಿ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳ ತಾರೀಖು ತಪ್ಪುತ್ತದೆ ಎಂಬ ಗಾಬರಿಯಲ್ಲಿ ನನ್ನಂಥವರನ್ನು ಕರೆಸಿಕೊಂಡಿದ್ದ ಕಾಲ ಅದು. ಒಂದು ಸೋಮವಾರ ಬಾಸ್ ನನ್ನನ್ನು ರೂಮಿಗೆ ಕರೆದು, ಗುರುವಾರ ಮಧ್ಯಾಹ್ನ ಎಂಪ್ಲಾಯಿ ಅಪ್ರಿಸಿಯೇಶನ್ ಲಂಚ್, ಅಂದರೆ ನೌಕರರಿಗೆ ಮೆಚ್ಚುಗೆ ತೋರಿಸುವ ಊಟ, ಇಡಬೇಕು, ನೀನೇ ಪ್ಲಾನ್ ಮಾಡು ಎಂದ. ಎಲ್ಲರಿಗೂ ಖುಷಿಯಾಗಬೇಕು, ಆದರೆ ಖರ್ಚಾಗಬಾರದು. ನಾನೇ ಯಾಕೆ? ದೀಪಾವಳಿಗೆ ಆಫೀಸಿಗೆ ಒಂದು ಡಬ್ಬಿ ಚಕ್ಕುಲಿ ಒಯ್ದಿದ್ದೆ, ಅದೇ ಅರ್ಹತೆ. ಊಟಕ್ಕೆ ಎಲ್ಲರೂ ಒಂದೊಂದು ತಿಂಡಿ ತರಲಿ, ಜೊತೆಗೆ ಬಹಳ ವರ್ಷ ದುಡಿದವರಿಗೆ ಸಣ್ಣದೊಂದು ಸನ್ಮಾನ ಮಾಡೋಣ ಎಂದೆ. ಅವನು ಅಷ್ಟರಲ್ಲಿ ಫೋನ್ ಎತ್ತಿಕೊಂಡಿದ್ದ. "ಒಳ್ಳೇದು, ಒಳ್ಳೇದು, ಹೆಸರುಗಳ ಲಿಸ್ಟ್ ಕೊಡಿಸ್ತೀನಿ" ಎಂದು ಕೈ ಬೀಸಿದ. ಎಂಥ ಜುಗ್ಗ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

"ಪಿಜ್ಜಾ ಆರ್ಡರ್ ಮಾಡಿ ಮುಗಿಸಿಬಿಡಿ, ಯಾಕೆ ತಲೆ ಕೆಡಿಸ್ಕೋತೀರಾ?" ಎಂದಳು ಹೆಂಡತಿ.

"ಪಿಜ್ಜಾ ತಿನ್ನಿಸಿದ್ರೆ ಮರ್ಯಾದೆ ಮಾಡಿದ ಹಾಗಾಯ್ತಾ? ನಿಮ್ಮಪ್ಪನಿಗೆ ಮಾಡ್ತಾರಲ್ಲ, ಹಾಗೆ ಮಾಡೋಣ. ಶಾಲು ಹೇಗೂ ಇದೆ."

"ಅಯ್ಯೋ, ಅಮೆರಿಕದವರಿಗೆ ಶಾಲಾ?" ಎಂದು ಅವಳು ಬಿದ್ದು ಬಿದ್ದು ನಕ್ಕಳು. ನಕ್ಕರೂ ಅವುಗಳನ್ನು ಹೊರಗೆ ತೆಗೆದು ಒಂದೊಂದಕ್ಕೂ ಇಸ್ತ್ರಿ ಹಾಕಿಟ್ಟಳು.

ಬುಧವಾರ ಬೆಳಿಗ್ಗೆ ಎಲ್ಲರೂ ಬಳಸುವ ಪ್ರಿಂಟರಿನ ತಟ್ಟೆಯಲ್ಲಿ ಒಂದು ಹಾಳೆ ಸಿಕ್ಕಿತು. ತಲೆಬರಹ ಇರಲಿಲ್ಲ. ಆರು ಹೆಸರು, ಪ್ರತಿ ಹೆಸರಿನ ಮುಂದೆ ಕೆಲಸಕ್ಕೆ ಸೇರಿದ ತಾರೀಖು, ಸೇವೆಯ ವರ್ಷ. ನಮ್ಮ ಕಡೆ ಹೀಗೆ ಬರೆದ ಪಟ್ಟಿ ಎಂದರೆ ಸನ್ಮಾನಿತರ ಪಟ್ಟಿ, ಅದಕ್ಕೆ ಬೇರೆ ಅರ್ಥವೇ ಇಲ್ಲ. ಬಾಸ್ ಮಾತು ಉಳಿಸಿಕೊಂಡನಲ್ಲ ಎಂದುಕೊಂಡೆ. ಕೊನೆಯ ಕಾಲಮ್ಮಿನಲ್ಲಿ ಇನ್ನೂ ಆಶ್ಚರ್ಯ ಕಾದಿತ್ತು. ಒಬ್ಬರಿಗೆ ನಾಲ್ಕು ವಾರ, ಒಬ್ಬರಿಗೆ ಆರು ವಾರ, ಹೆಚ್ಚು ವರ್ಷ ದುಡಿದವರಿಗೆ ಎಂಟು ವಾರ. ಸಂಬಳದ ರಜೆ! ಇಷ್ಟು ದೊಡ್ಡ ಮನಸ್ಸಿನವನನ್ನು ಜುಗ್ಗ ಎಂದೆನಲ್ಲ ಎಂದು ನನಗೆ ನಾಚಿಕೆಯೇ ಆಯಿತು.

ಆದರೆ ಆ ಹಾಳೆಯಲ್ಲಿ ಟಪಾಲು ನೋಡಿಕೊಳ್ಳುವ ಮೇಲ್ ರೂಮಿನ ಆಂಟಿಯ ಹೆಸರಿರಲಿಲ್ಲ. ಆಂಟಿ ಎನ್ನುವುದು ನಾವು ಮನೆಯಲ್ಲಿ ಇಟ್ಟ ಹೆಸರು. ಅರವತ್ತರ ಹತ್ತಿರದ ಬಿಳಿಯ ಹೆಂಗಸು, ಇಪ್ಪತ್ತೆರಡು ವರ್ಷದಿಂದ ಟಪಾಲಿನ ಗಾಡಿ ತಳ್ಳಿಕೊಂಡು ಮೇಜಿಂದ ಮೇಜಿಗೆ ಓಡಾಡಿದವರು. ನನಗೆ ಡ್ರೈವಿಂಗ್ ಬರದ ಮೊದಲ ಮೂರು ತಿಂಗಳು ದಿನಾ ಮನೆ ಬಾಗಿಲಿಗೆ ಬಂದು ತಮ್ಮ ಕಾರಿನಲ್ಲಿ ಕರೆದೊಯ್ದವರು ಅವರೇ. ಪೆಟ್ರೋಲಿಗೆ ದುಡ್ಡು ಕೊಡಹೋದರೆ "ಸುಮ್ಮನಿರು ಹನೀ" ಎಂದು ಗದರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ವರ್ಷ ದುಡಿದವರನ್ನೇ ಬಿಟ್ಟಿದ್ದಾರೆ! ಮೈಯೆಲ್ಲ ಉರಿದುಹೋಯಿತು. ಪೆನ್ನು ತೆಗೆದು ಏಳನೆಯದಾಗಿ ಅವರ ಹೆಸರು ಬರೆದೆ. ವಾರದ ಜಾಗ ಮಾತ್ರ ಖಾಲಿ ಬಿಟ್ಟೆ. ರಜೆ ಕೊಡುವ ಅಧಿಕಾರ ನನಗಿಲ್ಲವಲ್ಲ.

ಗುರುವಾರದ ಲಂಚ್ ಮೊದಲರ್ಧ ಗಂಟೆ ಸೊಗಸಾಗಿತ್ತು. ಕಾರ್ನ್ ಬ್ರೆಡ್ ಪಕ್ಕದಲ್ಲಿ ನನ್ನ ಹೆಂಡತಿಯ ಚಿತ್ರಾನ್ನ ಕೂತಿತ್ತು. ಆಮೇಲೆ ನಾನು ಎದ್ದು ನಿಂತು ಮೊದಲ ಹೆಸರು ಕೂಗಿದೆ. ಡೇಟಾ ಎಂಟ್ರಿಯ ಗಡ್ಡದವನು, ಆನೆಯಂಥ ಆಳು, ಬಾಯಲ್ಲಿದ್ದದ್ದನ್ನು ನುಂಗುತ್ತಾ ಬಂದ. ಅವನ ಭುಜಕ್ಕೆ ಶಾಲು ಸಾಲಲಿಲ್ಲ. ಹೇಗೋ ಹೊದಿಸಿ, ಪೇಪರ್ ಪ್ಲೇಟಿನಲ್ಲಿ ಎರಡು ಸೇಬು, ಒಂದು ಬಾಳೆಹಣ್ಣು ಇಟ್ಟು ಕೈಗೆ ಕೊಟ್ಟೆ. ಮಾವನವರ ಸಭೆಗಳಲ್ಲಿ ಕೇಳಿದ ಧಾಟಿಯಲ್ಲೇ ಅವನ ಸೇವೆಯನ್ನು ಹೊಗಳಿದೆ. ಚಪ್ಪಾಳೆಯೋ ಚಪ್ಪಾಳೆ.

"ಜೊತೆಗೆ ನಾಲ್ಕು ವಾರ!" ಎಂದೆ.

"ನಾಲ್ಕು ವಾರ ಏನು?"

"ಸಂಬಳದ ರಜೆ. ಕಂಪನಿಯ ಉಡುಗೊರೆ."

ಅವನು ಹೋ ಎಂದು ಕೂಗಿ ನನ್ನನ್ನು ಎತ್ತಿಯೇಬಿಟ್ಟ. ಹೀಗೆ ಆರು ಜನ ಬಂದರು, ಆರು ಜನರಿಗೂ ಶಾಲು, ಹಣ್ಣು, ವಾರ. ಎಂಟು ವಾರ ಸಿಕ್ಕ ಹೆಂಗಸು ಅತ್ತೇಬಿಟ್ಟಳು. ಕೊನೆಗೆ ಆಂಟಿಯನ್ನು ಕರೆದೆ. ಅವರಿಗೆ ಎಲ್ಲರಿಗಿಂತ ಉದ್ದದ ಭಾಷಣ, ಎಲ್ಲಕ್ಕಿಂತ ಒಳ್ಳೆಯ ಶಾಲು. ವಾರದ ಸುದ್ದಿ ಮಾತ್ರ ಎತ್ತಲಿಲ್ಲ. ಆಗ ಬಾಸ್‌ನ ಕಡೆ ನೋಡಿದೆ. ಅವನು ಬೀನ್ಸ್ ತುಂಬಿದ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಪಾಪ, ಹೃದಯ ತುಂಬಿ ಬಂದಿದೆ ಎಂದುಕೊಂಡೆ ನಾನು, ದಡ್ಡ ಶಿಖಾಮಣಿ.

ಐದೇ ನಿಮಿಷದಲ್ಲಿ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದ.

"ಆ ಹಾಳೆ ನಿನಗೆ ಎಲ್ಲಿ ಸಿಕ್ಕಿತು?"

ಪ್ರಿಂಟರಿನಲ್ಲಿ ಎಂದೆ. ಅವನು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಕಣ್ಣು ಕೂಡ ಹಾಯಿಸದೆ, ಕಾಗದ ಚೂರು ಮಾಡುವ ಯಂತ್ರಕ್ಕೆ ಹಾಕಿದ. ಆಮೇಲೆ ಹೇಳಿದ. ಆ ಆರು ಜನರನ್ನು ನಾಳೆ ಕೆಲಸದಿಂದ ತೆಗೆಯುತ್ತಿದ್ದಾರೆ. ವಾರ ಎಂದರೆ ಮನೆಗೆ ಕಳಿಸುವಾಗ ಕೈಗೆ ಕೊಡುವ ಸಂಬಳ.

ಎದುರಿಗಿದ್ದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಹಾಗಾದರೆ ಇವತ್ತು ಈ ಊಟ ಯಾಕೆ?" ಎಂದು ಹೇಗೋ ಕೇಳಿದೆ.

"ಉಳಿಯುವವರಿಗೆ" ಎಂದ. "ಅವರ ಮನಸ್ಸು ಕೆಡಬಾರದಲ್ಲ."

ಇಂಥದ್ದೊಂದು ಮಾತನ್ನು ಮನುಷ್ಯ ಇಷ್ಟು ಸಲೀಸಾಗಿ ಆಡಬಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಳೆಯವರೆಗೆ ಬಾಯಿ ಬಿಡಬೇಡ ಎಂದೂ ಹೇಳಿದ. ನನ್ನ ವೀಸಾ ಆ ಕಂಪನಿಯ ಕೈಯಲ್ಲಿತ್ತು. ಆಯಿತು ಎಂದೆ. ಹೊರಗೆ ಗಡ್ಡದವನು ಶಾಲು ಹೊದ್ದುಕೊಂಡೇ ಕೆಲಸ ಮಾಡುತ್ತಿದ್ದ. ಅವನ ಮುಂದೆ ತಲೆ ತಗ್ಗಿಸಿ ಹಾದುಹೋದೆ. ಇವತ್ತಿಗೂ ಆ ನಡಿಗೆ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಶುಕ್ರವಾರ ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೇ ಕಾನ್ಫರೆನ್ಸ್ ರೂಮಿಗೆ ಕರೆದರು. ಮೂರನೆಯವರು ಅಳುತ್ತಾ ಹೊರಬರುವ ಹೊತ್ತಿಗೆ ಇಡೀ ಆಫೀಸಿಗೆ ಅರ್ಥವಾಗಿತ್ತು. ನಿನ್ನೆ ನಾನು ಕೂಗಿದ ಕ್ರಮದಲ್ಲೇ ಇವತ್ತೂ ಕರೆಯುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ಪರದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದೆ, ಒಂದಕ್ಷರವೂ ಕಾಣುತ್ತಿರಲಿಲ್ಲ. ಆರನೆಯವರು ಒಳಗೆ ಹೋದರು. ಮುಂದಿನ ಹೆಸರು ಯಾರದು ಎಂದು ಯೋಚನೆ ಬಂದದ್ದೇ ಎದ್ದು ನಿಂತೆ. ಆಂಟಿ!

ಮೇಲ್ ರೂಮಿಗೆ ಓಡಿದೆ. ಅವರ ಮೇಜು ಖಾಲಿಯಾಗಿತ್ತು. ಮೊಮ್ಮಕ್ಕಳ ಫೋಟೋ ಇಲ್ಲ, ಕಾಫಿ ಮಗ್ ಇಲ್ಲ. ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕರು. ಕಾರಿನ ಹಿಂದಿನ ಸೀಟಿಗೆ ರಟ್ಟಿನ ಡಬ್ಬಿ ಇಡುತ್ತಿದ್ದರು, ಮೇಲೆ ಮಡಿಸಿಟ್ಟ ಶಾಲು.

"ನೀನಾದರೂ ನನಗೆ ಹೇಳಬಹುದಿತ್ತು, ಹನೀ" ಎಂದರು. "ಅವರು ಕರೆದು ಹೇಳುವ ತನಕ ನಾನು ಕಾಯೋದಿಲ್ಲ. ರಾಜೀನಾಮೆ ಬರೆದು ಅವನ ಮೇಜಿನ ಮೇಲಿಟ್ಟು ಬಂದೆ. ಅವರಿಗೆಲ್ಲ ನಾಲ್ಕು ವಾರ, ಎಂಟು ವಾರ. ನನಗೆ ಏನೂ ಇಲ್ಲ, ಅಲ್ಲವಾ?"

"ನಿಮ್ಮ ಹೆಸರು ಆ ಲಿಸ್ಟಿನಲ್ಲಿ ಇರಲೇ ಇಲ್ಲ. ಅದನ್ನು ಬರೆದದ್ದು ನಾನು" ಎಂದೆ.

"ಎಲ್ಲಿ, ತೋರಿಸು."

"ಬಾಸ್ ಚೂರು ಮಾಡಿ ಹಾಕಿದ." ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. "ಅದು ಸನ್ಮಾನದ ಲಿಸ್ಟ್ ಅಂದುಕೊಂಡೆ. ನಿಮ್ಮನ್ನು ಬಿಟ್ಟಿದ್ದಾರಲ್ಲ ಅಂತ ಸಿಟ್ಟು ಬಂತು, ಕೆಳಗೆ ನಾನೇ ಸೇರಿಸಿದೆ. ವಾರ ಕೊಡುವುದು ನನ್ನ ಕೈಯಲ್ಲಿರಲಿಲ್ಲ, ಅದಕ್ಕೇ ಓದಲಿಲ್ಲ."

ಅವರು ಕಾರಿನ ಬಾಗಿಲು ಹಾಕಿ ನನ್ನ ಕಡೆ ತಿರುಗಿದರು.

"ಅಂದರೆ ನನ್ನನ್ನು ಗೌರವಿಸಬೇಕು ಅಂತ ಆಫೀಸಿನಲ್ಲಿ ಯಾರೂ ಹೇಳಲಿಲ್ಲ."

ನಾನು ಇಲ್ಲವೆಂದು ತಲೆಯಾಡಿಸಿದೆ.

"ಇಪ್ಪತ್ತೆರಡು ವರ್ಷಕ್ಕೆ ನೀನೊಬ್ಬನೇ" ಎಂದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಡಬ್ಬಿಯನ್ನು ಕಾರಿನಲ್ಲೇ ಬಿಟ್ಟು ಬಿರಬಿರನೆ ಒಳಗೆ ಹೋದರು. ಟಪಾಲಿನ ಗಾಡಿ ತಳ್ಳಿಕೊಂಡು ನೆಟ್ಟಗೆ ಬಾಸ್‌ನ ರೂಮು ಹೊಕ್ಕರು. ಅವನಿನ್ನೂ ಆರನೆಯವರ ಜೊತೆ ಕಾನ್ಫರೆನ್ಸ್ ರೂಮಿನಲ್ಲಿದ್ದ. ಒಂದು ಕಟ್ಟು ಕಾಗದ ಅವನ ಮೇಜಿನ ಮೇಲಿಟ್ಟು, ತಮ್ಮ ರಾಜೀನಾಮೆಯ ಲಕೋಟೆಯನ್ನು ಎತ್ತಿಕೊಂಡು ಹೊರಬಂದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಅವನು ತೆರೆಯುವ ತನಕ ಟಪಾಲು ನನ್ನದು" ಎಂದು ನನ್ನನ್ನು ದಾಟಿ ಹೋದರು.

ಸೋಮವಾರ ಅವರು ನನ್ನ ಮೇಜಿಗೆ ಟಪಾಲು ತಂದಾಗ ಗಾಡಿಯ ಕೆಳಗಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಗಡ್ಡದವನ ಶಾಲು.

"ವಾಪಸ್ ಕೊಡು ಅಂದ" ಎಂದರು. "ನಿನಗೆ ಮೊದಲೇ ಗೊತ್ತಿತ್ತು, ಬೇಕೆಂದೇ ಎಲ್ಲರೆದುರು ತಮಾಷೆ ಮಾಡಿದೆ ಅಂತ ತಿಳಕೊಂಡಿದ್ದಾನೆ. ಹಾಗಲ್ಲ ಅಂತ ನಾನು ಎಷ್ಟೋ ಹೇಳಿದೆ. ನಂಬಲಿಲ್ಲ."

ಚೀಲ ತೆರೆದೆ. ಶಾಲಿಗೆ ಸಿಗರೇಟಿನ ವಾಸನೆ ಹತ್ತಿತ್ತು. ಗುರುವಾರ ಸಂಜೆ ಅವನು ಅದನ್ನು ಹೊದ್ದುಕೊಂಡೇ ಮನೆಗೆ ಹೋಗಿ, ನಾಲ್ಕು ವಾರ ರಜೆ ಸಿಕ್ಕಿದೆ, ಸಮುದ್ರಕ್ಕೆ ಹೋಗೋಣ ಎಂದು ಹೆಂಡತಿ ಮಕ್ಕಳ ಹತ್ತಿರ ಬಟ್ಟೆ ಕಟ್ಟಿಸಿದ್ದನಂತೆ.