ಎರಡನೇ ಪಂಕ್ತಿ

“ಉಂಡು ಬಂದೇನ್ರಿ” ಅಂದ ಆ ಮನುಷ್ಯ. ನಮ್ಮಪ್ಪ ನಂಬಲಿಲ್ಲ.

ತಪ್ಪು ಅಂದರೆ ಇಷ್ಟೇ. ಈ ತಪ್ಪಿಗೆ ನಮ್ಮಪ್ಪ ಬರುವ ಸೋಮವಾರ ವಿಜಾಪುರದ ಕೋರ್ಟಿನಲ್ಲಿ ನಿಲ್ಲಬೇಕು. ನನ್ನ ತಂಗಿ ಶಾಂತವ್ವ ಕೊರಳಲ್ಲಿ ತಾಳಿ ಕಟ್ಟಿಸಿಕೊಂಡು, ಗಂಡನ ಮನೆಗೂ ಹೋಗದೆ, ತವರಿನಲ್ಲೇ ಗೋಡೆಗೆ ಒರಗಿ ಕುಳಿತಿದ್ದಾಳೆ. ನನಗಂತೂ ನಿದ್ದೆ ಇಲ್ಲ. ನಾಯಿ ಬೊಗಳಿದರೆ ಪೊಲೀಸರು ಬಂದರು ಅಂತ ಎದ್ದು ಕೂರುತ್ತೇನೆ.

ನೀವು ನನ್ನನ್ನು ಬಲ್ಲಿರಿ. ವಾರವಾರ ಈ ಪತ್ರಿಕೆಯ ಇದೇ ಜಾಗದಲ್ಲಿ ರೇಷನ್ ಅಂಗಡಿಯ ಕ್ಯೂ, ಹುಳ ಹಿಡಿದ ಜೋಳ, ಸೀಮೆಎಣ್ಣೆಯ ಕಳ್ಳ ಅಳತೆ ಅಂತ ಬೈದು ಬರೆಯುವವನು. (ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟೆ. ಬೈಯುವುದು ಬಿಟ್ಟರೆ ಬೇರೆ ಬರುವುದಿಲ್ಲ.) ಈ ವಾರ ಬೈಯುವ ಧೈರ್ಯವೂ ಇಲ್ಲ. ನಡೆದದ್ದು ಹೇಳುತ್ತೇನೆ, ಓದಿರಿ.

ಶಾಂತವ್ವನ ಮದುವೆ ನಮ್ಮೂರು ಬಬಲೇಶ್ವರದಲ್ಲೇ ಇತ್ತು. ಬೀಗರು ಟಿಕೋಟದವರು. ಕಾಯ್ದೆ ನಿಮಗೆಲ್ಲ ಗೊತ್ತೇ ಇದೆ. ಮದುವೆ ಇರಲಿ, ತಿಥಿ ಇರಲಿ, ಇಷ್ಟೇ ಮಂದಿಗೆ ಊಟ. ಒಬ್ಬನಿಗೆ ಹೆಚ್ಚು ಬಡಿಸಿದರೂ ಕೇಸು. ಕಾಳು ಉಳಿಯಬೇಕು, ಅನ್ನ ಹಾಳಾಗಬಾರದು ಅಂತ ಸರಕಾರದ ಆರ್ಡರು. ತಳವಾರ ಊರೆಲ್ಲ ಡಂಗುರ ಹೊಡೆದು ಹೇಳಿದ್ದ. ಚಾವಡಿಯ ಗೋಡೆಗೆ ನೋಟೀಸೂ ಅಂಟಿಸಿದ್ದರು.

ನಮ್ಮಪ್ಪ ಕಾಯ್ದೆಗೆ ಅಂಜುವವನು. ಅಳತೆ ಹಾಕಿ ನೋಡಿದ. ಕಾಯ್ದೆಯ ಮಂದಿ ಅಂದರೆ ನಮ್ಮ ಹಂದರದಲ್ಲಿ ಒಂದೇ ಪಂಕ್ತಿ. ಟಿಕೋಟದ ಬೀಗರು ಕುಳಿತರೇ ಅದು ತುಂಬಿತು. ಹಾಗಾದರೆ ನಮ್ಮೂರಿನವರು? ಬಿತ್ತಿಗೆಗೆ ಎತ್ತು ಕೊಟ್ಟವರು, ಹಂದರಕ್ಕೆ ಗಳ ತಂದವರು, ವಾರವೆಲ್ಲ ಅವ್ವನ ಜೊತೆ ಕುಳಿತು ಬೇಳೆ ಆರಿಸಿದ ಹೆಂಗಸರು? ಅವರಿಗೆ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಿ ಮನೆಗೆ ಹೋಗಿರಿ, ಅಲ್ಲೇ ಉಣ್ಣಿರಿ ಅನ್ನಲು ಬರುತ್ತದೆಯೇ? ನಿಮಗೆ ಬರುತ್ತದೆಯೇ?

ಅಪ್ಪ ಯಾರಿಗೂ ಊಟ ಇಲ್ಲ ಅನ್ನಲಿಲ್ಲ. ಅಲ್ಲಿಂದ ಶುರು ಆಯಿತು.

ಮದುವೆಯ ಮುಂಜಾನೆ ಕಾಖಂಡಕಿಯಿಂದ ಬಸಲಿಂಗ ಮಾವ ಬಂದ. ಅವ್ವನ ತಮ್ಮ. ಸೋದರಮಾವ ಇಲ್ಲದೆ ಮದುವೆ ಆಗುವುದಿಲ್ಲ, ಸರಿ. ಆದರೆ ಮಾವನ ಹಿಂದೆ ಗಾಡಿಗಳ ಸಾಲೇ ಇತ್ತು. ಗಾಡಿ ತುಂಬ ಮಂದಿ. ಕಾಯ್ದೆ ಐತಿ ಮಾವಾ ಅಂತ ಕಿವಿಯಲ್ಲಿ ಹೇಳಿದೆ.

“ಕಾಯ್ದೆ ವಿಜಾಪುರದಾಗ ಐತಿ” ಅಂದ ಮಾವ. “ನಾ ಬಂದದ್ದು ಕಾಖಂಡಕಿಯಿಂದ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕಿಕಾಳು ಬಿದ್ದವು. ಮೊದಲನೇ ಪಂಕ್ತಿಗೆ ಬೀಗರು ಕುಳಿತರು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಆ ಹೋಳಿಗೆಯ ಗೋಧಿಗಾಗಿ ನಮ್ಮ ಮನೆಯವರು ಎಷ್ಟು ದಿನ ಬರೀ ರೊಟ್ಟಿ, ಖಾರ ತಿಂದರು ಅಂತ ಹೇಳಲಾರೆ. ಬೆಲ್ಲ ಇಲ್ಲದ ಚಹಾ ಕುಡಿದು ಬೆಲ್ಲ ಕೂಡಿಸಿದ್ದೆವು. ಬೀಗರ ಎಲೆ ಬರಿದಾಗಬಾರದು ಅಂತ ನಮ್ಮಲ್ಲಿ ರೀತಿ ಇದೆ. ಬರಿದಾದರೆ ಹೆಣ್ಣಿನವರು ಕಡಿಮೆ ಬಡಿಸಿದರು ಅಂತ ಮಾತು ಬರುತ್ತದೆ. ಅದಕ್ಕೆ ಅವರು ಬೇಡ ಬೇಡ ಅಂದರೂ ನಾವು ಹಾಕುತ್ತೇವೆ. ಅವರು ಸಾಕು ಸಾಕು ಅನ್ನುತ್ತ ಬಿಡುತ್ತಾರೆ. ಬಿಟ್ಟರು. ಅರ್ಧ ಮುರಿದ ಹೋಳಿಗೆ, ಮುಟ್ಟದ ಹೋಳಿಗೆ, ಎಲ್ಲವನ್ನೂ ಎಲೆಯಲ್ಲೇ ಮಡಿಚಿ ಎದ್ದರು. ಎಲೆಗಳನ್ನು ತಿಪ್ಪೆಗೆ ಒಗೆದೆವು.

ಆಮೇಲೆ ಅಪ್ಪ ಸುತ್ತ ನೋಡಿದ. ಊರು ನಿಂತಿತ್ತು. ಕಾಖಂಡಕಿ ನಿಂತಿತ್ತು. ಯಾರೂ ಊಟದ ಮಾತು ಎತ್ತಲಿಲ್ಲ. ಹಸಿದವರು ಎತ್ತುವುದೂ ಇಲ್ಲ. ಅಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, ಪತ್ರಾವಳಿ ಹಾಕಲು ಹೇಳಿದ.

ಅದು ಎರಡನೇ ಪಂಕ್ತಿ.

ಸಾಲು ಕೂರುತ್ತಿರುವಾಗಲೇ ಹಂದರದ ಬಾಯಿಗೆ ಒಬ್ಬ ಬಂದು ನಿಂತ. ಕೋಟು, ಕರಿ ಟೊಪ್ಪಿಗೆ, ಮೊಣಕಾಲುತನಕ ಧೂಳು. ಸೈಕಲ್ಲನ್ನು ಬೇವಿನ ಗಿಡಕ್ಕೆ ಆನಿಸಿದ್ದ. ಯಾರು ಏನು ಅಂತ ಅಪ್ಪ ಕೇಳಲಿಲ್ಲ. ಉಣ್ಣುವ ಹೊತ್ತಿಗೆ ಬಾಗಿಲಿಗೆ ಬಂದವನನ್ನು ಯಾರು ಅಂತ ಕೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಮುಂಗೈ ಹಿಡಿದು ಒಳಗೆ ಎಳೆದ. ಆತ “ಉಂಡು ಬಂದೇನ್ರಿ” ಅಂದ. ಈ ಕಡೆ ಯಾರಾದರೂ ಮೊದಲನೇ ಮಾತಿಗೇ ಊಟಕ್ಕೆ ಹೂಂ ಅಂದದ್ದು ನೋಡಿದ್ದೀರಾ? ಉಂಡು ಬಂದೇನಿ ಅಂದರೆ ಇನ್ನೂ ಸ್ವಲ್ಪ ಎಳೆಯಿರಿ ಅಂತ ಅರ್ಥ. ಆತ ಇನ್ನೂ ಏನೋ ಹೇಳಲು ಹೋದ. ಅಪ್ಪ ಹೇಳಗೊಡಲಿಲ್ಲ. ಕಾಲಿಗೆ ನೀರು ಕೊಟ್ಟು, ಸಾಲಿನ ನಡುವೆ ಜಾಗ ಮಾಡಿ, ಹೆಗಲು ಒತ್ತಿ ಕೂರಿಸಿದ. ಎಲೆ ತುಂಬ ಬಡಿಸಿಯೂ ಆಯಿತು, ಸಾಲು ಉಣ್ಣಲು ಶುರುವೂ ಮಾಡಿತು.

ನಾನು ಸಾರಿನ ಬಕೀಟು ಹಿಡಿದು ಆ ತುದಿಯಿಂದ ಬರುತ್ತಿದ್ದೆ. ಅವನ ಮುಂದೆ ಬಗ್ಗಿದೆ. ಮುಖ ನೋಡಿದೆ. ಸಾರನ್ನು ಎಲೆಯ ಬದಲು ನೆಲಕ್ಕೆ ಹಾಕಿದೆ.

ನಾನು ವಿಜಾಪುರದಲ್ಲಿ ಎಣ್ಣೆಯ ಗಿರಣಿಯಲ್ಲಿ ದುಡಿಯುವವನು. ಸ್ಟೇಷನ್ ರಸ್ತೆಯ ರೇಷನ್ ಕ್ಯೂನಲ್ಲಿ ನಿಲ್ಲುವವನು. ಆ ಮುಖ ಅಲ್ಲಿ ನೋಡಿದ್ದೆ. ತಕ್ಕಡಿಯ ಕಲ್ಲು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದ. ಅವನು ಬಂದರೆ ಅಂಗಡಿಕಾರರ ಬಾಯಿ ಒಣಗುತ್ತಿತ್ತು. ಸಪ್ಲಾಯ್ ಇನ್‌ಸ್ಪೆಕ್ಟರ್.

ಕಾಯ್ದೆ ಮೀರಿದ ಪಂಕ್ತಿಯಲ್ಲಿ, ಕಾಯ್ದೆಯನ್ನೇ ಕೈಹಿಡಿದು ಕೂರಿಸಿದ್ದೆವು.

ಅಪ್ಪನ ಹತ್ತಿರ ಹೋಗಿ ಹೇಳಿದೆ. ಮೆಲ್ಲಗೆ ಹೇಳಿದೆ ಅಂತ ನನ್ನ ನಂಬಿಕೆ. ಆದರೆ ಅಂಜಿದ ದನಿ ಎಷ್ಟು ಮೆಲ್ಲಗಿದ್ದರೂ ದೂರ ಹೋಗುತ್ತದೆ. ಸಾಲಿನ ತುದಿಯಲ್ಲಿದ್ದವನು ಎದ್ದ. ಕೈಯೂ ತೊಳೆಯಲಿಲ್ಲ. ಅವನ ಪಕ್ಕದವನು ಎದ್ದ. ಏನು ಏನು ಅಂತ ಕೇಳುತ್ತಲೇ ಮತ್ತಿಬ್ಬರು ಎದ್ದರು. ಆಮೇಲೆ ಸಾಲೇ ಎದ್ದಿತು. ಬಸಲಿಂಗ ಮಾವ ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ಹಿತ್ತಲ ಗೋಡೆ ಹಾರಿದ. (ಮಾವನ ಹೊಟ್ಟೆ ನೋಡಿದವರು ಇದನ್ನು ನಂಬುವುದಿಲ್ಲ. ನಾನು ಕಣ್ಣಾರೆ ಕಂಡೆ.)

ಉಳಿದದ್ದು ತುಂಬಿದ ಎಲೆಗಳ ಸಾಲು. ನಡುವೆ ಅವನೊಬ್ಬನೇ. ಎದುರಿಗೆ ಅಪ್ಪ.

ಆ ಮನುಷ್ಯನ ಕೈ ತುತ್ತು ಹಿಡಿದು ನಿಂತಿತ್ತು. ಆ ಕಡೆ ನೋಡಿದ, ಈ ಕಡೆ ನೋಡಿದ.

“ನಾ ಯಾರಂತ ಗೊತ್ತಾತೇನ್ರಿ?” ಅಂದ.

“ಈಗ ಗೊತ್ತಾತ್ರಿ” ಅಂದ ಅಪ್ಪ. “ಆದ್ರೂ ಏಳಬ್ಯಾಡ್ರಿ. ಉಣ್ರಿ.”

ಅವನು ಉಂಡ. ಪೂರ್ತಿ ಉಂಡ. ಸಾರು ಬೇಕೇ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಒಳಗೆ ಬಾಗಿಲ ಸಂದಿಯಿಂದ ಶಾಂತವ್ವ ನೋಡುತ್ತಿದ್ದಳು, ಬಾಸಿಂಗ ಇನ್ನೂ ಬಿಚ್ಚಿರಲಿಲ್ಲ. ಒಬ್ಬ ಮನುಷ್ಯ ಉಣ್ಣುವುದನ್ನು ನೋಡಿ ಅಷ್ಟು ಅಂಜಿದ್ದು ನನ್ನ ಜನ್ಮದಲ್ಲೇ ಇಲ್ಲ. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ ಅವನು.

ಕೈ ತೊಳೆದು, ತಳವಾರನನ್ನು ಕರೆಸಿದ. ಎಲೆ ಎಣಿಸು ಅಂದ. ಸಾಲಿನಲ್ಲಿರುವವು, ತಿಪ್ಪೆಯ ಮೇಲಿರುವವು, ಎಲ್ಲ. ತಳವಾರ ಅವನ ಎಲೆಯನ್ನು ದಾಟಿ ಮುಂದೆ ಹೋದ.

“ನಂದ್ಯಾಕ ಬಿಟ್ಟಿ?” ಅಂದ ಇನ್‌ಸ್ಪೆಕ್ಟರ್. “ಅದನ್ನೂ ಹಿಡಿ. ನಾನೂ ಹೆಚ್ಚಿಗಿ ಮಂದ್ಯಾಗ ಒಬ್ಬ.”

ಹೋಗುವಾಗ ಅಪ್ಪನ ಮುಖ ನೋಡಲಿಲ್ಲ. ಉಂಡು ಬಂದೇನಿ ಅಂತ ಖರೇನೇ ಹೇಳಿದ್ದೆ, ನೀವು ಕೇಳಲಿಲ್ಲ ಅಂದ. ನಾನು ರಿಪೋರ್ಟು ಬರೆಯದಿದ್ದರೆ ನನ್ನ ಮೇಲೆ ಬರೆಯುವವರು ಇದ್ದಾರೆ ಅಂತಲೂ ಅಂದ. ಸೈಕಲ್ಲು ಹತ್ತುವಾಗ ಅವನ ಕಾಲು ಪೆಡಲಿನಿಂದ ಎರಡು ಸಲ ಜಾರಿತು. ಅವನಿಗೂ ಅಂಜಿಕೆ ಇತ್ತು. ಅದನ್ನು ನೋಡಿ ನನಗೆ ಸಮಾಧಾನ ಆಗಲಿಲ್ಲ. ಅಂಜಿದ ಸರಕಾರ ಅಂಜದ ಸರಕಾರಕ್ಕಿಂತ ಕೆಟ್ಟದ್ದು.

ಬೀಗರು ತಡ ಮಾಡಲಿಲ್ಲ. ಗಾಡಿ ಕಟ್ಟಿದರು. ಅಳಿಯನ ತಂದೆ, ಹಿರಿಯರು, ನಮ್ಮಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು: “ಕೇಸ್ ಮುಗೀಲಿ. ಆಮ್ಯಾಲ ಹೆಣ್ಣು ಕಳಸ್ರಿ.” ಅಳಿಯ ನೆಲ ನೋಡುತ್ತಿದ್ದ. ಹೋಳಿಗೆ ಉಂಡವರು ಸೊಸೆಯನ್ನು ಬಿಟ್ಟು ಹೋದರು.

ಎರಡನೇ ಪಂಕ್ತಿಯ ಎಲೆಗಳೂ ತಿಪ್ಪೆಗೆ ಹೋದವು. ತುಂಬಿದ ಎಲೆಗಳು. ಎಮ್ಮೆ ತಿಂದು ಸಾಕಾಯಿತು, ನಾಯಿ ತಿಂದು ಸಾಕಾಯಿತು, ಮಿಕ್ಕದ್ದು ಬಿಸಿಲಿಗೆ ನಾತ ಹಿಡಿಯಿತು.

ಈಗ ನೀವೇ ಹೇಳಿ. ಅನ್ನ ಹಾಳಾಗಬಾರದು ಅಂತ ಮಾಡಿದ ಕಾಯ್ದೆ ಇದು. ಕಾಯ್ದೆ ಬೇಡ ಅಂತ ನಾನು ಅನ್ನುವುದಿಲ್ಲ. ಕ್ಯೂನಲ್ಲಿ ನಿಂತು ಖಾಲಿ ಚೀಲ ಹಿಡಿದು ಮನೆಗೆ ಬಂದವನು ನಾನು, ಹಸಿವೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಕಾಯ್ದೆ ಬಾಯಿ ಎಣಿಸುತ್ತದೆ, ಎಲೆಯಲ್ಲಿ ಬಿಟ್ಟದ್ದನ್ನು ಎಣಿಸುವುದಿಲ್ಲ. ಮೊದಲನೇ ಪಂಕ್ತಿ ಕಾಯ್ದೆಶೀರ. ಅಲ್ಲಿ ಬಿಟ್ಟ ಹೋಳಿಗೆಯೂ ಕಾಯ್ದೆಶೀರ. ಎರಡನೇ ಪಂಕ್ತಿ ಬೆರಳು ನೆಕ್ಕಿ ಉಣ್ಣುತ್ತಿತ್ತು, ಅದು ಗುನ್ಹೆ. ಹಾಗಂತ ಎಲ್ಲ ತಪ್ಪೂ ಸರಕಾರದ್ದೇ? ಬೇಡ ಅಂದವರ ಎಲೆಗೆ ಹೋಳಿಗೆ ಒಗೆದದ್ದು ಸರಕಾರ ಅಲ್ಲ. ನಾನೇ ಒಗೆದೆ. ಎಲೆ ಬರಿದಾದರೆ ಮಾನ ಹೋಗುತ್ತದೆ ಅಂತ ನಮಗೆ ಒಂದು ಅಂಜಿಕೆ. ಎಲೆ ಹೆಚ್ಚಾದರೆ ಜೇಲು ಅಂತ ಇನ್ನೊಂದು ಅಂಜಿಕೆ. ಎರಡು ಅಂಜಿಕೆ ಸೇರಿ ಒಂದು ಮದುವೆಯ ಅನ್ನ ತಿಪ್ಪೆಗೆ ಹೋಯಿತು.

ಸಮನ್ಸು ಬಂತು. ಅಪ್ಪನನ್ನು ಕರೆದುಕೊಂಡು ಸ್ಟೇಷನ್ ರಸ್ತೆಯ ಒಬ್ಬ ವಕೀಲರ ಹತ್ತಿರ ಹೋದೆ. ವಕೀಲರು ನಕ್ಕರು. ಬಹಳ ಸಸಾರ ಅಂದರು. ಇವರು ಕರೆದದ್ದು ಬೀಗರನ್ನು ಅಷ್ಟೇ. ಮಿಕ್ಕವರು ಮದುವೆ ನೋಡಲು ತಾವೇ ಬಂದರು, ಎಲೆ ಹಾಕಿತ್ತು, ಆದರೆ ಯಾರೂ ಉಣ್ಣಲಿಲ್ಲ, ಎಲೆ ತುಂಬಿಯೇ ಇದ್ದವಲ್ಲ. ಹಾಗಂತ ಹೇಳಿ, ನಾಲ್ಕು ಮಂದಿ ಸಾಕ್ಷಿ ತನ್ನಿ, ಕೇಸು ಬಿದ್ದುಹೋಗುತ್ತದೆ.

ಸಾಕ್ಷಿ ಹುಡುಕುವ ಕಷ್ಟವೇ ಬೀಳಲಿಲ್ಲ. ನಾವು ಊರಿಗೆ ಬರುವ ಮೊದಲೇ ಊರು ಉಪವಾಸ ಹೂಡಿತ್ತು. ನಾ ಉಂಡಿಲ್ಲಪಾ, ನನಗ ಅಂದು ಹೊಟ್ಟಿ ಕೆಟ್ಟಿತ್ತು ಅಂತ ಒಬ್ಬ. ನಾ ಬರೀ ನೀರು ಕುಡಿದೆ ಅಂತ ಒಬ್ಬ. ನಾನು ಮದುವೆಗೇ ಬಂದಿರಲಿಲ್ಲ ಅಂದವನೂ ಇದ್ದಾನೆ, ಅವನ ಹೆಗಲಿನ ಟವೆಲ್ಲು ಇನ್ನೂ ನಮ್ಮ ಹಂದರದ ಗಳಕ್ಕೆ ನೇತಾಡುತ್ತಿದೆ. ಉಂಡವರನ್ನೂ ಜೇಲಿಗೆ ಹಾಕುತ್ತಾರೆ ಅಂತ ಸುದ್ದಿ ಹಬ್ಬಿದೆ. ಓಣಿಯಲ್ಲಿ ನಮ್ಮನ್ನು ಕಂಡರೆ ಬಾಗಿಲು ಮುಚ್ಚುತ್ತಾರೆ.

ಮೊನ್ನೆ ಬಸಲಿಂಗ ಮಾವ ಬಂದ. ಈ ಸಲ ಒಬ್ಬನೇ. ಹಿತ್ತಲಿಂದಲೇ ಬಂದ. ಅಂಜಬ್ಯಾಡ್ರಿ, ನಾನೇ ಸಾಕ್ಷಿ ಹೇಳತೇನಿ, ಏನೂ ಉಂಡಿಲ್ಲ ಅಂತ ಗಂಗಾಜಲ ಮುಟ್ಟಿ ಹೇಳತೇನಿ ಅಂದ. ಉಪಕಾರ ಅಂತಲೇ ಹೇಳಿದ, ಪಾಪ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ತಮ್ಮಾ, ನನ್ನ ಕೈಯಾನ ಅನ್ನ ಉಂಡಿಲ್ಲಂತ ಕೋರ್ಟಿನ್ಯಾಗ ಹೇಳತೀಯೇನೋ?” ಅಂದಳು. “ಯಾರೂ ಉಂಡಿಲ್ಲಂದ್ರ, ನಾ ಬಳಿದು ಹಾಕಿದ ಎಲಿ ಯಾರವೋ?”

ಅವ್ವ ರೊಟ್ಟಿ ಹಾಕಿದಳು, ಮಾವ ಮುಟ್ಟಲಿಲ್ಲ. ಅಪ್ಪ ಕಂಬ ಹಿಡಿದು ಕುಳಿತಿದ್ದ. ಆಮೇಲೆ, ಕರೆದವನು ನಾನು, ಬಡಿಸಿದವನು ನಾನು, ಹಾಗೇ ಹೇಳುತ್ತೇನೆ ಅಂದ. ಅಂಜಿಕೆ ಇಲ್ಲ ಅಂತ ತಿಳಿಯಬೇಡಿ. ಅಪ್ಪ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಕೈಗೆ ಬೇಡಿ ಹಾಕಿ ನಡೆಸುತ್ತಾರೇನು ಅಂತ ನನ್ನನ್ನು ಎರಡು ಸಲ ಕೇಳಿದ್ದಾನೆ.

ಶಾಂತವ್ವ ಕೇಳಿದ್ದು ಒಂದೇ ಮಾತು. “ಅಪ್ಪ ಖರೇ ಹೇಳಿದ್ರ, ಅವರು ಕರಿಯಾಕ ಬರ್ತಾರೇನೋ ಅಣ್ಣಾ?”

ಟಿಕೋಟದಿಂದ ಸುದ್ದಿ ಇಲ್ಲ. ಬಸ್ಸು ಬಂದ ಸದ್ದಾದರೆ ಅವಳು ಬಾಗಿಲಿಗೆ ಬರುತ್ತಾಳೆ, ಅಪ್ಪ ಒಳಗೆ ಹೋಗುತ್ತಾನೆ.

ಇದನ್ನು ಅಚ್ಚು ಹಾಕಿದರೆ ವಕೀಲರ ಉಪಾಯ ನಡೆಯುವುದಿಲ್ಲ ಅಂತ ನನಗೆ ಗೊತ್ತಿದೆ. ಅಪ್ಪನಿಗೆ ಪೂರಾ ಓದಿ ಹೇಳಿದೆ. ಹಾಕು ಅಂದ. ಹೋಳಿಗೆ ಚಲೋ ಆಗಿದ್ದವು ಅಂತ ನೀ ಬರೆದೇ ಇಲ್ಲ ಅಂತಲೂ ಅಂದ. ಹೋಳಿಗೆ ಚಲೋ ಆಗಿದ್ದವು. ಬರೆದಿದ್ದೇನೆ.

ಸೋಮವಾರ ಏನಾಗುತ್ತದೋ ಕಾಣೆ. ಇವತ್ತಿನ ತನಕ ಮಾತ್ರ, ಅಷ್ಟು ಮಂದಿಯಲ್ಲಿ ನಮ್ಮ ಮನೆಯ ಅನ್ನ ಉಂಡೆ ಅಂತ ಒಪ್ಪಿಕೊಂಡವನು ಒಬ್ಬನೇ: ನಮ್ಮ ಮೇಲೆ ಕೇಸು ಹಾಕಿದವನು.