ಗ್ಲೆನಿಸ್ ಟಲಕ್‌ಳ ಐದು ಗಂಟೆ

ಗ್ಲೆನಿಸ್ ಟಲಕ್ ನನ್ನನ್ನು ಗುರುತು ಹಿಡಿದದ್ದು ದನಿಯಿಂದ. ರಾಕ್‌ಹ್ಯಾಂಪ್ಟನ್ನಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೊಸರಿನ ಡಬ್ಬಿ ಜೋಡಿಸುತ್ತಿದ್ದೆ. ಕಸ್ಟರ್ಡ್ ಎಲ್ಲಿದೆ ಎಂದು ಕೇಳಿದ ವಯಸ್ಸಾದ ಹೆಂಗಸಿಗೆ, "ನಿಮ್ಮ ಬೆನ್ನ ಹಿಂದೇನೇ" ಅಂದೆ. ಆಕೆ ತಿರುಗಲೇ ಇಲ್ಲ.

"ಬೆವನ್ ಅಲ್ವೇನೋ ನೀನು? ಮೂರು ವರ್ಷದಿಂದ ಭಾನುವಾರ ಭಾನುವಾರ ನಿನ್ನನ್ನ ಬದುಕಿಸ್ತಾ ಇದೀನಿ. ಇಷ್ಟು ಸಣಕಲ ಅಂತ ಗೊತ್ತಿದ್ರೆ ಬಿಟ್ಟೇಬಿಡ್ತಿದ್ದೆ."

ಆನ್‌ಲೈನ್ ಆಟದಲ್ಲಿ ನಾನು ಏಳಡಿಯ ಗುರಾಣಿಗಾರ. ಡ್ರ್ಯಾಗನ್ ಎದುರು ಮೊದಲು ನಿಲ್ಲುವವನು, ಮೊದಲು ಸಾಯುವವನೂ ನಾನೇ. ಅಂಗಡಿಯಲ್ಲಿ ಮೇಲಿನ ಶೆಲ್ಫಿಗೆ ಕೈ ಎಟುಕದೆ ಸ್ಟೂಲು ಹುಡುಕುವವನು. ಗ್ಲೆನಿಸ್ ನಮ್ಮ ಹತ್ತು ಜನರ ತಂಡದ ವೈದ್ಯೆ. ಆಕೆ ಕೈ ಚಾಚಿದರೆ ಹಸಿರು ಬೆಳಕು ಬಿದ್ದು ಸತ್ತವರು ಏಳುತ್ತಾರೆ.

ಆಟದ ಹೊರಗೆ ಆಕೆ ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಸ್ಯಾಂಡ್‌ವಿಚ್ ಮಾಡಿ ನಿವೃತ್ತಳಾದವಳು. ಗಂಡ ನೆವಿಲ್‌ಗೆ ಮರೆವಿನ ಕಾಯಿಲೆ. ಜೂನ್‌ನಲ್ಲಿ ಅವನನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿದ್ದಳು. ಅಲ್ಲಿ ಸಂಜೆ ಐದಕ್ಕೇ ರಾತ್ರಿಯೂಟ. ದಿನವೂ ಹೋಗಿ ತಾನೇ ತಿನ್ನಿಸುತ್ತಿದ್ದಳು. ಅವನು ಅರ್ಧಕ್ಕೇ ಬಾಯಿ ಬಿಗಿಯುತ್ತಿದ್ದ. ಭಾನುವಾರಗಳಲ್ಲಿ ಅದನ್ನು ಮುಗಿಸಿ, ಆರಕ್ಕೆ ಸರಿಯಾಗಿ ಆಟಕ್ಕೆ ಬರುತ್ತಿದ್ದಳು.

"ಇದರಲ್ಲಿ ಏನು ಸಿಗುತ್ತೆ ನಿಮಗೆ?" ಒಮ್ಮೆ ಕೇಳಿದ್ದೆ.

"ಗುಂಡಿ ಒತ್ತಿದ್ರೆ ಎದ್ದೇಳ್ತೀಯ. ಎದ್ದ ಮೇಲೆ ನೀನ್ಯಾರು ಅಂತ ನನ್ನನ್ನ ಕೇಳಲ್ಲ."

ಅಕ್ಟೋಬರಿನ ಮೊದಲ ಭಾನುವಾರ ದೇಶದ ದಕ್ಷಿಣದ ರಾಜ್ಯಗಳವರು ಬೇಸಿಗೆಗೆಂದು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ. ಕ್ವೀನ್ಸ್‌ಲ್ಯಾಂಡಿನ ನಾವು ಮುಟ್ಟುವುದಿಲ್ಲ. ಅಲ್ಲಿಂದ ಏಪ್ರಿಲ್‌ವರೆಗೆ ಅವರ ಆರು ನಮ್ಮ ಐದು. ಕಳೆದ ವರ್ಷ ನಾನು ನಮ್ಮ ಆರಕ್ಕೆ ಗುರಾಣಿ ಎತ್ತಿಕೊಂಡು ಠೀವಿಯಿಂದ ಹೋದಾಗ, ಉಳಿದವರೆಲ್ಲ ಸತ್ತು ಊಟಕ್ಕೆ ಹೋಗಿದ್ದರು.

ಈ ಸಲ ದಕ್ಷಿಣದ ಹೋಬಾರ್ಟಿನಲ್ಲಿರುವ ನಮ್ಮ ನಾಯಕ ಕ್ಯಾಲಮ್ ವಾರ ಮೊದಲೇ ಮೈಕಿನಲ್ಲಿ ಹೇಳಿದ: "ಬೆವನ್ ದೊರೆಗಳೇ, ನಿಮ್ಮ ಗಡಿಯಾರ ಮೊಸರಿನ ಫ್ರಿಜ್ಜಲ್ಲಿಟ್ಟು ಬನ್ನಿ. ನಮ್ಮ ಆರಕ್ಕೆ ಶುರು. ಗ್ಲೆನಿಸ್, ನಿಮಗೆ ಆಗದಿದ್ರೆ ಹೇಳಿ. ವೆಲಿಂಗ್ಟನ್‌ನವನೊಬ್ಬ ವೈದ್ಯ ಕಾಯ್ತಾ ಇದಾನೆ. ಅವನು ಬಂದ್ರೆ ಆಮೇಲೆ ತೆಗೆಯೋಕಾಗಲ್ಲ."

"ಒಂದು ತಾಸು ತಡವಾದ್ರೆ ಡ್ರ್ಯಾಗನ್ ಏನು ಓಡಿಹೋಗುತ್ತಾ?" ಅಂದೆ.

"ಉಳಿದ ಎಂಟು ಜನಕ್ಕೆ ಸೋಮವಾರ ಕೆಲಸ ಇದೆ ಮಾರಾಯ."

ಗ್ಲೆನಿಸ್ ಆಟದಿಂದ ಹೊರಗೆ ಹೋದಳು.

ಆ ಭಾನುವಾರ ಮೂರು ಅಲಾರಾಂ ಇಟ್ಟುಕೊಂಡು ಕೂತೆ. ನಮ್ಮ ಐದಕ್ಕೆ ಪರದೆಯ ಮೇಲೆ ಆಕೆಯ ಹೆಸರು ಹೊತ್ತಿಕೊಂಡಿತು.

"ನೆವಿಲ್‌ಗೆ ಊಟ ಯಾರು ತಿನ್ನಿಸ್ತಾರೆ?" ಕೇಳಿದೆ.

"ನರ್ಸ್. ಮುಂದೆ ನೋಡಿ ನಡಿ."

ಎರಡು ಸಲ ಎಲ್ಲರೂ ಸತ್ತೆವು. ಸುಧಾರಿಸಿಕೊಳ್ಳುತ್ತಿದ್ದಾಗ ಆಕೆಯ ಫೋನು ರಿಂಗಾಯಿತು. ಮೈಕ್ ಮುಚ್ಚಲು ಮರೆತಿದ್ದಳು. "ಹೌದಾ... ಪೂರ್ತೀನಾ? ಸರಿ."

"ಎಲ್ಲಾ ಸರಿ ಇದೆಯಾ?" ಕ್ಯಾಲಮ್ ಕೇಳಿದ.

"ತಟ್ಟೆ ಖಾಲಿ ಮಾಡಿದನಂತೆ. ಕಸ್ಟರ್ಡೂ. ನನ್ನ ಕೈಯಲ್ಲಿ ಒಂದು ದಿನಾನೂ ಪೂರ್ತಿ ತಿಂದಿಲ್ಲ."

ನನ್ನ ಗುರಾಣಿಗಾರ ಇನ್ನೂ ನೆಲದ ಮೇಲೆ ಕೂತಿದ್ದ.

"ಮುಂದಿನ ವಾರವೂ ಐದಕ್ಕೇ ಬರ್ತೀನಿ," ಅಂದಳು. "ವೆಲಿಂಗ್ಟನ್‌ನವನಿಗೆ ಬೇಡ ಅಂತ ಹೇಳು. ಬೆವನ್, ಏಳು."

ಡ್ರ್ಯಾಗನ್ ಉಸಿರು ಬಿಟ್ಟಿತು. ನಾನು ಬಿದ್ದೆ. ಹಸಿರು ಬೆಳಕು ಬಂತು. ಎದ್ದೆ.